ಕಣದ ರಾಗಿ ಮಾರುವ ಮುನ್ನ ಹವಾ ವರ್ತಮಾನ ಓದಿ



ಕಣದಲ್ಲಿ ರಾಗಿ ರಾಶಿ ಬಿದ್ದಿದೆ, ಮೇಲೆ ಮೋಡ ಕಟ್ಟಿದೆ. ಆ ಹೊತ್ತಿಗೆ ಸರಿಯಾಗಿ ವ್ಯಾಪಾರಿ ಬಂದು, "ನಾಳೆ ಮಳೆ ಗೌಡ್ರೇ, ಇವತ್ತೇ ಅಳೆದುಬಿಡಿ" ಎನ್ನುತ್ತಾನೆ. ನೀವು ಹೆದರಿ, ಕೇಳಿದ ಬೆಲೆಗೆ ಕೊಟ್ಟುಬಿಡುತ್ತೀರಿ. ನಮ್ಮ ತಿಪ್ಪಸಂದ್ರ ಹೋಬಳಿಯಲ್ಲಿ ಇದು ಹೊಸ ಮಾತೇನಲ್ಲ.

ವ್ಯಾಪಾರಿ ಹೇಳಿದ್ದು ಸುಳ್ಳೇ ಇರಬೇಕೆಂದಿಲ್ಲ. ಲಾರಿಯಲ್ಲಿ ಚೀಲ ನೆನೆದರೆ ನಷ್ಟ ಅವನದೇ. ಆದ್ದರಿಂದ ಅವನು ಹವೆಯನ್ನು ವಿಚಾರಿಸಿಕೊಂಡೇ ಹೊರಡುತ್ತಾನೆ. ದೊಡ್ಡ ವರ್ತಕರಿಗೆ ದುಡ್ಡಿಗೆ ಮುನ್ಸೂಚನೆ ಒದಗಿಸುವ, 2003ರಲ್ಲಿ ಆರಂಭವಾದ ಸ್ಕೈಮೆಟ್‌ನಂಥ ಖಾಸಗಿ ಸಂಸ್ಥೆಗಳೂ ಇವೆ. ಆದರೆ ಕೇಂದ್ರ ಸರ್ಕಾರದ ಹವಾಮಾನ ಇಲಾಖೆ ಎಲ್ಲರಿಗೂ ಬಿಟ್ಟಿಯಾಗಿಯೇ ಮುನ್ಸೂಚನೆ ಕೊಡುತ್ತದೆ. ಅದನ್ನು ಓದುವ ಬಗೆ ತಿಳಿದಿರಬೇಕು, ಅಷ್ಟೆ.

ಮೊದಲು ಅದರ ಮಾತುಗಳನ್ನು ಅರಿಯೋಣ. "ಜಿಲ್ಲೆಯ ಒಂದೆರಡು ಕಡೆ ಮಳೆ" ಎಂದರೆ, ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರೊಳಗೆ ಮಾತ್ರ ಮಳೆ ಕಂಡೀತು ಎಂದರ್ಥ. "ಕೆಲವು ಕಡೆ" ಎಂದರೆ 26ರಿಂದ 50. "ಹಲವು ಕಡೆ" ಎಂದರೆ 51ರಿಂದ 75. "ಬಹುತೇಕ ಎಲ್ಲ ಕಡೆ" ಎಂದರೆ ಅದಕ್ಕೂ ಹೆಚ್ಚು. ಮಾಗಡಿಯಲ್ಲಿ ಸುರಿದು ನಮ್ಮಲ್ಲಿ ಹನಿಯೂ ಬೀಳದಿದ್ದರೆ "ಮುನ್ಸೂಚನೆ ಸುಳ್ಳು" ಎಂದು ಬೈಯುವವರು ಇದನ್ನು ಗಮನಿಸಬೇಕು.

ನಾನೂ ಒಮ್ಮೆ ಇದರಲ್ಲೇ ಎಡವಿದ್ದೇನೆ. "ಒಂದೆರಡು ಕಡೆ" ಎಂದಿದ್ದುದನ್ನು ಓದಿ, ಮಳೆ ಇಲ್ಲವೆಂದೇ ಬಗೆದು, ಒಬ್ಬ ಯಜಮಾನರಿಗೆ ರಾಗಿ ಕೊಯ್ಯಿರೆಂದೆ. ಆ ಒಂದೆರಡು ಕಡೆಯಲ್ಲಿ ಅವರ ಹೊಲವೂ ಸೇರಿತ್ತು! ಅರಿ ಹಾಕಿದ್ದ ತೆನೆಯೆಲ್ಲ ನೆನೆದು ಕಾಳು ಕಪ್ಪಾಯಿತು. ಅವರು ನನ್ನನ್ನು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಇನ್ನು ಮಳೆಯ ಪ್ರಮಾಣ. ಇಲಾಖೆಯ ಲೆಕ್ಕದಲ್ಲಿ 15.5 ಮಿಲಿಮೀಟರ್‌ವರೆಗೆ ಹಗುರ ಮಳೆ, 64.4ರವರೆಗೆ ಸಾಧಾರಣ, ಅದಕ್ಕೆ ಮೀರಿದ್ದು ಭಾರಿ. ಹಗುರವೆಂದು ಹಗುರವಾಗಿ ತಿಳಿಯಬೇಡಿ. 10 ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು. ಪೈರಿಗೆ ಅದು ಅಮೃತ, ಕೊಯ್ದ ತೆನೆಗೆ ಕೇಡು.

ಸುಗ್ಗಿಯಲ್ಲಿ ನಮ್ಮನ್ನು ಕೆಡಿಸುವುದು ಹೆಚ್ಚಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. 2021ರ ನವೆಂಬರ್ ಮಳೆಗೆ ದಕ್ಷಿಣ ಕರ್ನಾಟಕದಲ್ಲಿ ಎಷ್ಟೋ ಹೊಲಗಳ ರಾಗಿ ಒರಗಿ ತೆನೆಯಲ್ಲೇ ಮೊಳೆಯಿತು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಮರುದಿನವೇ ಬೆಂಗಳೂರು ಸೀಮೆಗೆ ಜಡಿಮಳೆ ತಂದಿತು. ಅನೂರಾಧಾ ಮಳೆ ಯಾವಾಗ ಹುಟ್ಟುತ್ತದೆಂದು ಪಂಚಾಂಗ ಹೇಳೀತು. ಕೊಲ್ಲಿಯಲ್ಲಿ ಇಂದು ಏನು ನಡೆದಿದೆ ಎಂಬುದನ್ನು ಅದು ಹೇಳಲಾರದು. ಆದುದರಿಂದ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ "ವಾಯುಭಾರ ಕುಸಿತ" ಎಂಬ ಮಾತು ಕಿವಿಗೆ ಬಿದ್ದರೆ ಕೊಯ್ಲನ್ನು ನಾಲ್ಕು ದಿನ ತಡೆಯಿರಿ. ಕೊಯ್ದದ್ದನ್ನು ಕೂಡಲೇ ಮೆದೆ ಹಾಕಿ ಹೊದಿಸಿರಿ.

ಮಾವಿನ ತೋಪನ್ನು ಹೂವಿನಲ್ಲೇ ಗುತ್ತಿಗೆಗೆ ಕೊಡುವವರ ವಿಚಾರ ಬೇರೆ. ಐದು ದಿನದ ಮುನ್ಸೂಚನೆ ಅಲ್ಲಿ ನೆರವಾಗದು. ಆಲಿಕಲ್ಲು ಬಿದ್ದರೆ ನಷ್ಟ ಯಾರದೆಂದು ಕರಾರಿನಲ್ಲೇ ಬರೆಸಿಕೊಳ್ಳಿ.

ಮುನ್ಸೂಚನೆ ಸಿಗುವುದೆಲ್ಲಿ? 2019ರಲ್ಲಿ ಬಂದ ಮೇಘದೂತ್ ಎಂಬ ಆ್ಯಪ್ ಫೋನಿನಲ್ಲಿದ್ದರೆ ಬೇಸಾಯದ ಸಲಹೆಯೂ ಸಿಗುತ್ತದೆ. ಕೃಷಿ ಹವಾಮಾನ ವರದಿ ಮಂಗಳವಾರ, ಶುಕ್ರವಾರ ಹೊರಡುತ್ತದೆ. 2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿವಾರು ಮುನ್ಸೂಚನೆಯೂ ಉಂಟು; ಫೋನಿಲ್ಲದವರು ಪಂಚಾಯಿತಿ ಕಚೇರಿಯಲ್ಲಿ ಕೇಳಿ ಓದಿಸಿಕೊಳ್ಳಬಹುದು. ವ್ಯಾಪಾರಿ ಬರುವ ದಿನ ಗೊತ್ತಿದ್ದರೆ, ಹಿಂದಿನ ಸಂಜೆಯೇ ಕೇಳಿಬನ್ನಿ.