ಸಂಧಿವಾತ: ಪವಾಡದಂತೆ ಕಂಡ ಮದ್ದು, ತಾಳ್ಮೆಯಿಂದ ದೊರೆತ ಸತ್ಯ

ಭಾನುವಾರದ ಪೂಜೆಯ ಸಮಯದಲ್ಲಿ ಎಲ್ಲರೂ ಮೊಣಕಾಲೂರಿದಾಗ ಬೆಂಚಿನ ಮೇಲೆಯೇ ಕುಳಿತು ತಲೆಬಾಗಿಸುವ ಕೆಲವರನ್ನು ಪ್ರತಿಯೊಂದು ಇಗರ್ಜಿಯಲ್ಲೂ ನಾವು ಕಾಣುತ್ತೇವೆ. ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ ಜಪಸರದ ಮಣಿ ಸರಿಸಲು ಬೆರಳು ಮಡಚದೆ ಕಷ್ಟಪಡುವ ತಾಯಂದಿರೂ ನಮ್ಮ ಕುಟುಂಬಗಳಲ್ಲಿದ್ದಾರೆ. ಇವರೆಲ್ಲರ ಬಾಧೆಯನ್ನು ನಾವು 'ವಾತ' ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ವಯಸ್ಸಾದ ಮೇಲೆ ಇದ್ದದ್ದೇ ಎಂದು ಸಮಾಧಾನವನ್ನೂ ಹೇಳುತ್ತೇವೆ. ಆದರೆ ಕೀಲುನೋವುಗಳೆಲ್ಲವೂ ಒಂದೇ ಅಲ್ಲ. ಎಲ್ಲವೂ ವಯಸ್ಸಿನಿಂದ ಬಂದವೂ ಅಲ್ಲ.

ಮೂಳೆಗಳ ತುದಿಯ ಮೆತ್ತನೆಯ ಹೊದಿಕೆ ಸವೆದು ಬರುವ ನೋವು ಒಂದು ಬಗೆಯದು. ರುಮಟಾಯ್ಡ್ ಸಂಧಿವಾತವು ಅದಕ್ಕಿಂತ ತೀರಾ ಭಿನ್ನವಾದುದು. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಕೀಲು ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೂಳೆಯನ್ನೇ ಕೊರೆದು ಬೆರಳುಗಳನ್ನು ಸೊಟ್ಟಗಾಗಿಸುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಮೂವತ್ತು, ನಲವತ್ತರ ವಯಸ್ಸಿನಲ್ಲಿ, ಮನೆಯ ಹೊಣೆಯೆಲ್ಲ ಹೆಗಲ ಮೇಲಿರುವಾಗಲೇ ಇದು ಆರಂಭವಾಗುವುದುಂಟು. ದೆಹಲಿಯ ಸಮೀಪದ ಗ್ರಾಮಾಂತರ ಪ್ರದೇಶದಲ್ಲಿ ನಾಲ್ವತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಸಮೀಕ್ಷಿಸಿ 1993ರಲ್ಲಿ ಪ್ರಕಟಿಸಲಾದ ವರದಿಯಂತೆ, ಪ್ರತಿ ಸಾವಿರ ಮಂದಿಯಲ್ಲಿ ಏಳೆಂಟು ಜನರಿಗೆ ಈ ವ್ಯಾಧಿಯಿತ್ತು. ಒಂದು ದೊಡ್ಡ ಧರ್ಮಕೇಂದ್ರದ ವಯಸ್ಕರನ್ನು ಲೆಕ್ಕ ಹಾಕಿದರೆ ಇದು ಎಷ್ಟು ಮನೆಗಳ ಮಾತೆಂಬುದು ಓದುಗರಿಗೆ ತಿಳಿದೀತು.

ಈ ವ್ಯಾಧಿಗೆ ಮದ್ದನ್ನು ಹುಡುಕಿದ ಕಥೆ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆ ಕಥೆಯ ಮುಖ್ಯ ಘಟನೆಯು ಧರ್ಮಭಗಿನಿಯರು ಕಟ್ಟಿ ಬೆಳೆಸಿದ ಒಂದು ಆಸ್ಪತ್ರೆಯಲ್ಲಿ ನಡೆಯಿತು. ಅದರಲ್ಲಿ ಇಂದಿನ ನಮ್ಮ ಮನೆಗಳಿಗೂ ತುರ್ತಾಗಿ ಬೇಕಾದ ಒಂದು ಎಚ್ಚರಿಕೆ ಇದೆ.

ಕಾಮಾಲೆ ತೋರಿದ ದಾರಿ

ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಪಟ್ಟಣದಲ್ಲಿ ವಿಶ್ವವಿಖ್ಯಾತ ಮೇಯೊ ಕ್ಲಿನಿಕ್ ಇದೆ. ಡಾ. ಫಿಲಿಪ್ ಹೆಂಚ್ ಎಂಬವರು ಅಲ್ಲಿ 1926ರಿಂದ ಸಂಧಿವಾತ ವಿಭಾಗದ ಮುಖ್ಯಸ್ಥರಾಗಿದ್ದರು. ಆ ಕಾಲದಲ್ಲಿ ಈ ರೋಗಕ್ಕೆ ಆಸ್ಪಿರಿನ್ ಮತ್ತು ವಿಶ್ರಾಂತಿಯನ್ನು ಬಿಟ್ಟರೆ ಕೊಡಲು ಹೆಚ್ಚಿನದೇನೂ ಇರಲಿಲ್ಲ. 1929ರ ಏಪ್ರಿಲ್ 1ರಂದು ಅವರ ಬಳಿ ಬಂದ ರೋಗಿಯೊಬ್ಬರು, ಸ್ವತಃ ವೈದ್ಯರಾಗಿದ್ದ 65 ವರ್ಷದ ಹಿರಿಯರು, ಒಂದು ವಿಚಿತ್ರ ಸಂಗತಿಯನ್ನು ಹೇಳಿದರು. ಅವರಿಗೆ ಕಾಮಾಲೆ ಬಂದಿತ್ತು. ಕಾಮಾಲೆ ಬಂದ ಮರುದಿನದಿಂದಲೇ ಕೀಲುನೋವು ಇಳಿಯತೊಡಗಿತ್ತು.

ಬೇರೆ ಯಾರಾದರೂ ಇದನ್ನು ಕಾಕತಾಳೀಯವೆಂದು ತಳ್ಳಿಹಾಕುತ್ತಿದ್ದರೇನೋ. ಹೆಂಚ್‌ರವರು ಹಾಗೆ ಮಾಡಲಿಲ್ಲ. ಅಂತಹ ಇನ್ನಷ್ಟು ರೋಗಿಗಳನ್ನು ಹುಡುಕಿ, ಅವರು ಹೇಳಿದ್ದನ್ನೆಲ್ಲ ಬರೆದಿಟ್ಟರು. ಗರ್ಭಿಣಿಯರಲ್ಲಿಯೂ ನೋವು ತಾತ್ಕಾಲಿಕವಾಗಿ ಇಳಿಯುವುದನ್ನು ಕಂಡರು. ಅಂದ ಮೇಲೆ ಈ ರೋಗ ಹಿಮ್ಮೆಟ್ಟಿಸಲಾಗದ್ದಲ್ಲ. ದೇಹದಲ್ಲಿಯೇ ಇರುವ ಯಾವುದೋ ಒಂದು ವಸ್ತು ಅದನ್ನು ತಡೆಯಬಲ್ಲದು ಎಂದು ತರ್ಕಿಸಿ, ಹೆಸರು ಗೊತ್ತಿಲ್ಲದ ಆ ವಸ್ತುವನ್ನು 'ಎಕ್ಸ್' ಎಂದು ಕರೆದರು. ಅದನ್ನು ಅರಸುತ್ತಾ ಪಿತ್ತರಸದ ಲವಣಗಳನ್ನು ಕೊಟ್ಟು ನೋಡಿದರು, ಕಾಮಾಲೆಯಾದವರ ರಕ್ತವನ್ನು ಕೊಟ್ಟು ನೋಡಿದರು. ಒಂದೂ ಫಲಿಸಲಿಲ್ಲ. ಹೀಗೆ ವರ್ಷಗಳೇ ಉರುಳಿದವು.

ಅದೇ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಎಂಬ ರಸಾಯನಶಾಸ್ತ್ರಜ್ಞರು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಕೆಲವು ವಸ್ತುಗಳನ್ನು ಬೇರ್ಪಡಿಸಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಟಾಡಿಯಸ್ ರೈಷ್‌ಸ್ಟೈನ್‌ರವರೂ ಇದೇ ಕಾರ್ಯದಲ್ಲಿ ತೊಡಗಿದ್ದರು. 1941ರಲ್ಲಿ ಹೆಂಚ್ ಮತ್ತು ಕೆಂಡಲ್ ಒಟ್ಟಿಗೆ ಕುಳಿತು, ಕೆಂಡಲ್‌ರ 'ಇ' ಎಂಬ ವಸ್ತುವನ್ನು ಎಂದಾದರೊಂದು ದಿನ ಸಂಧಿವಾತದವರ ಮೇಲೆ ಪರೀಕ್ಷಿಸಬೇಕೆಂದು ನಿಶ್ಚಯಿಸಿದರು. ಆದರೆ ಒಬ್ಬ ರೋಗಿಗೆ ಸಾಕಾಗುವಷ್ಟು ಕೂಡ ಅದು ದೊರೆಯುತ್ತಿರಲಿಲ್ಲ. ದನಗಳ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಅದನ್ನು ತಯಾರಿಸುವ ವಿಧಾನವನ್ನು ಮರ್ಕ್ ಕಂಪೆನಿಯ ಲೂಯಿಸ್ ಸ್ಯಾರೆಟ್ ಕಂಡುಹಿಡಿದ ಮೇಲೆಯೇ, ಅದೂ ಕೆಲವೇ ಗ್ರಾಂಗಳಷ್ಟು, ಕೈಗೆ ಬಂದಿತು.

ಸೈಂಟ್ ಮೇರೀಸ್ ಆಸ್ಪತ್ರೆಯ ಆ ಒಂದು ವಾರ

ರಾಚೆಸ್ಟರಿನ ಸೈಂಟ್ ಮೇರೀಸ್ ಆಸ್ಪತ್ರೆಯ ಹುಟ್ಟಿಗೂ ಒಂದು ಹಿನ್ನೆಲೆಯಿದೆ. 1883ರ ಆಗಸ್ಟಿನಲ್ಲಿ ಭೀಕರ ಸುಂಟರಗಾಳಿಯೊಂದು ಆ ಪಟ್ಟಣವನ್ನು ಧ್ವಂಸ ಮಾಡಿದಾಗ ಗಾಯಾಳುಗಳನ್ನು ಮಲಗಿಸಲು ಒಂದು ಆಸ್ಪತ್ರೆಯೂ ಇರಲಿಲ್ಲ. ಶಾಲೆಗಳನ್ನು ನಡೆಸುತ್ತಿದ್ದ ಫ್ರಾನ್ಸಿಸ್ಕನ್ ಧರ್ಮಭಗಿನಿಯರು ಅವರ ಶುಶ್ರೂಷೆಗೆ ನಿಂತರು. ಅವರ ಮುಖ್ಯಸ್ಥೆಯಾಗಿದ್ದ ಮದರ್ ಆಲ್ಫ್ರೆಡ್ ಮೋಸ್‌ರವರು, ತಾವು ಆಸ್ಪತ್ರೆಯನ್ನು ಕಟ್ಟಿಸುವುದಾಗಿಯೂ ಅದರ ವೈದ್ಯಕೀಯ ಹೊಣೆಯನ್ನು ಡಾ. ವಿಲಿಯಂ ಮೇಯೊ ಮತ್ತು ಅವರ ಪುತ್ರರು ವಹಿಸಿಕೊಳ್ಳಬೇಕೆಂದೂ ಕೇಳಿಕೊಂಡರು. ಭಗಿನಿಯರು ಪೈಸೆ ಪೈಸೆ ಕೂಡಿಸಿ 1889ರಲ್ಲಿ ಆ ಆಸ್ಪತ್ರೆಯನ್ನು ತೆರೆದರು. ಯಾವ ಮತದವರಿಗೂ ಅದರ ಬಾಗಿಲು ಮುಚ್ಚಿರಲಿಲ್ಲ.

1948ರ ಬೇಸಿಗೆಯಲ್ಲಿ ಇಪ್ಪತ್ತೊಂಬತ್ತರ ಪ್ರಾಯದ ಮಹಿಳೆಯೊಬ್ಬರು ಅಲ್ಲಿ ದಾಖಲಾದರು. ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ರುಮಟಾಯ್ಡ್ ಸಂಧಿವಾತದಿಂದ ನರಳಿದ್ದ ಅವರಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುವುದೂ ದುಸ್ಸಾಧ್ಯವಾಗಿತ್ತು. ಮಾಡಿದ ಚಿಕಿತ್ಸೆ ವಿಫಲವಾದರೂ, ಏನಾದರೊಂದು ಪರಿಹಾರ ಕಾಣದೆ ಮನೆಗೆ ಮರಳಲು ಅವರು ಒಪ್ಪಲಿಲ್ಲ. ಹೆಂಚ್‌ರವರು ಮರ್ಕ್ ಕಂಪೆನಿಗೆ ಬರೆದು 'ಇ' ವಸ್ತುವನ್ನು ತರಿಸಿಕೊಂಡರು. ಸೆಪ್ಟೆಂಬರ್ 21ರಂದು ಮೊದಲ ಚುಚ್ಚುಮದ್ದನ್ನು ಕೊಡಲಾಯಿತು. ಒಂದೆರಡು ದಿನ ವಿಶೇಷವೇನೂ ಕಾಣಲಿಲ್ಲ. ಆಮೇಲೆ ಆಕೆ ಹಾಸಿಗೆಯಲ್ಲಿ ಸರಾಗವಾಗಿ ಹೊರಳಿದರು, ಎದ್ದು ನಡೆದರು. ಒಂದು ವಾರ ಕಳೆಯುವಷ್ಟರಲ್ಲಿ ಪಟ್ಟಣದ ಅಂಗಡಿಬೀದಿಗೆ ಹೋಗಿ ಮೂರು ಗಂಟೆ ಕಾಲ ಸುತ್ತಾಡಿ ಬಂದರು!

1949ರ ಏಪ್ರಿಲ್‌ನಲ್ಲಿ ಹೆಂಚ್ ಮತ್ತವರ ಸಹೋದ್ಯೋಗಿಗಳು 14 ಮಂದಿ ರೋಗಿಗಳ ವರದಿಯನ್ನು ವೈದ್ಯರ ಮುಂದಿಟ್ಟರು. ಚಿಕಿತ್ಸೆಗೆ ಮುಂಚೆ ಹೆಜ್ಜೆಯಿಡಲಾರದವರು ಅನಂತರ ಮೆಟ್ಟಿಲು ಹತ್ತುವ ಚಲನಚಿತ್ರವನ್ನು ಕಂಡು ಸಭೆ ಬೆರಗಾಯಿತು. ವಸ್ತುವಿಗೆ 'ಕಾರ್ಟಿಸೋನ್' ಎಂಬ ಹೆಸರಾಯಿತು. ಮರುವರ್ಷ, 1950ರಲ್ಲಿ, ಹೆಂಚ್, ಕೆಂಡಲ್ ಮತ್ತು ರೈಷ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಹೆಂಚ್‌ರವರು ತಮಗೆ ಬಂದ ಹಣದಲ್ಲಿ ಒಂದು ಪಾಲನ್ನು ಸೈಂಟ್ ಮೇರೀಸ್‌ನಲ್ಲಿ ಈ ರೋಗಿಗಳ ಶುಶ್ರೂಷೆಯ ಮುಂದಾಳುವಾಗಿದ್ದ ಸಿಸ್ಟರ್ ಪ್ಯಾಂಟಲಿಯನ್‌ರವರಿಗೆ ಕೊಟ್ಟು, ರೋಮ್ ಯಾತ್ರೆ ಮಾಡಬೇಕೆಂಬ ಅವರ ಬಹುದಿನದ ಆಸೆಯನ್ನು ನೆರವೇರಿಸಿದರು. ಹಗಲಿರುಳು ರೋಗಿಯ ಬಳಿ ನಿಂತು ನೋಡಿದ್ದನ್ನು ನೋಡಿದಂತೆಯೇ ತಿಳಿಸುವ ದಾದಿಯರಿಲ್ಲದೆ ಯಾವ ಸಂಶೋಧನೆಯೂ ನಡೆಯದೆಂಬುದನ್ನು ಆ ವೈದ್ಯರು ಮರೆಯಲಿಲ್ಲ.

ಉರಿ ಆರಲಿಲ್ಲ

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮದ್ದನ್ನು ನಿಲ್ಲಿಸಿದೊಡನೆ ನೋವು ಮರಳಿ ಬಂದಿತು. ಮುಂದುವರಿಸಿದರೆ ಬೇರೆ ತೊಂದರೆಗಳು ತಲೆದೋರಿದವು: ಮುಖ ಚಂದ್ರನಂತೆ ಊದಿಕೊಂಡಿತು, ರಕ್ತದೊತ್ತಡ ಮತ್ತು ಸಕ್ಕರೆಯ ಅಂಶ ಏರಿತು, ಮೂಳೆ ಟೊಳ್ಳಾಯಿತು, ಕೆಲವರ ಮನಸ್ಸಿನ ಸಮತೋಲವೇ ತಪ್ಪಿತು. ಹೆಂಚ್‌ರವರೇ ಈ ಮದ್ದು ರೋಗವನ್ನು ಗುಣಪಡಿಸುವುದಿಲ್ಲವೆಂದು ಸ್ಪಷ್ಟಪಡಿಸಿದರು. ಇದಕ್ಕೆ ಅವರು ಬೈಬಲಿನ ಹೋಲಿಕೆಯೊಂದನ್ನು ಕೊಟ್ಟಿದ್ದಾರೆ. ಉರಿಯುವ ಕುಲುಮೆಗೆ ಎಸೆಯಲ್ಪಟ್ಟೂ ಸುಡದೆ ಉಳಿದ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ಯುವಕರ ಕಥೆ ನಮ್ಮ ಮಕ್ಕಳಿಗೂ ತಿಳಿದದ್ದೇ. ಕಾರ್ಟಿಸೋನ್ ಬೆಂಕಿಯನ್ನು ಆರಿಸುವುದೂ ಇಲ್ಲ, ಸುಟ್ಟದ್ದನ್ನು ದುರಸ್ತಿ ಮಾಡುವುದೂ ಇಲ್ಲ. ಬೆಂಕಿಯ ನಡುವೆ ಸುಡದ ಅಂಗಿಯೊಂದನ್ನು ತೊಡಿಸುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಅಂಗಿ ಕಳಚಿದರೆ ಉರಿ ಅಲ್ಲಿಯೇ ಇರುತ್ತದೆ.

1952ರ ಹೊತ್ತಿಗೆ ಬೂಷ್ಟಿನ ಸಹಾಯದಿಂದ ಇದರ ತಯಾರಿಕೆಯನ್ನು ಸುಲಭಗೊಳಿಸುವ ವಿಧಾನ ಕೈಗೂಡಿ, ಮದ್ದು ಅಗ್ಗವಾಗುವ ದಾರಿ ತೆರೆಯಿತು. ಹಾಗಾದರೆ ಇದನ್ನು ಎಷ್ಟು, ಯಾರಿಗೆ ಕೊಡಬೇಕು? ಬೆರಗು ಮತ್ತು ಚಪ್ಪಾಳೆ ಈ ಪ್ರಶ್ನೆಗೆ ಉತ್ತರ ಕೊಡಲಾರವು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ನಫೀಲ್ಡ್ ಪ್ರತಿಷ್ಠಾನಗಳು ರೋಗ ಹೊಸದಾಗಿ ತಗುಲಿದ್ದ 61 ಮಂದಿಯನ್ನು ಆರಿಸಿ, ಅದೃಷ್ಟದ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದವು. ಒಂದು ಗುಂಪಿಗೆ ಕಾರ್ಟಿಸೋನ್, ಇನ್ನೊಂದಕ್ಕೆ ಹಳೆಯ ಆಸ್ಪಿರಿನ್. 1954ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದು ವರ್ಷದ ಕೊನೆಗೆ ಎರಡು ಗುಂಪುಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಇರಲಿಲ್ಲ! ಯಾರ ಮನಸ್ಸಿನ ಒಲವೂ ನುಸುಳದಂತೆ ಹೀಗೆ ಹೋಲಿಸಿ ನೋಡುವ ಕ್ರಮವೇ ಇಂದು ಔಷಧ ಪ್ರಯೋಗಗಳ ತಳಹದಿಯಾಗಿದೆ.

ಆ ಕ್ರಮದಿಂದಲೇ ಮುಂದಿನ ಮದ್ದುಗಳೂ ಬಂದವು. ಕ್ಯಾನ್ಸರಿಗೆಂದು ಬಳಸುತ್ತಿದ್ದ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಸಂಧಿವಾತ ಹತೋಟಿಗೆ ಬರುವುದೆಂದು 1985ರಲ್ಲಿ ಕೇವಲ 35 ರೋಗಿಗಳ ಎಚ್ಚರಿಕೆಯ ಪ್ರಯೋಗವೊಂದು ತೋರಿಸಿಕೊಟ್ಟಿತು. ಇಂದಿಗೂ ವೈದ್ಯರು ಮೊದಲು ನೆಚ್ಚುವ ಔಷಧ ಅದೇ. 1990ರ ದಶಕದಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್‌ರವರೂ, ಪಂಜಾಬಿನ ಲೂಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿಯವರೂ ಉರಿಯೂತವನ್ನು ಕೆರಳಿಸುವ 'ಟಿಎನ್‌ಎಫ್' ಎಂಬ ಒಂದೇ ವಸ್ತುವನ್ನು ತಡೆಹಿಡಿದು ಚಿಕಿತ್ಸೆ ಮಾಡಬಹುದೆಂದು ಸಾಧಿಸಿದರು. ಈ ಮದ್ದಿನಿಂದ ದೇಹದಲ್ಲಿ ಅಡಗಿರುವ ಕ್ಷಯ ಮರುಕಳಿಸಬಹುದೆಂಬುದು 2001ರಲ್ಲಿ ವರದಿಯಾಯಿತು. ಆದ್ದರಿಂದ ನಮ್ಮ ದೇಶದಲ್ಲಿ ಕ್ಷಯದ ಪರೀಕ್ಷೆ ಮಾಡದೆ ಇದನ್ನು ಆರಂಭಿಸುವಂತಿಲ್ಲ.

ನಮ್ಮ ಮನೆಗಳ ಮಾತು

ಪ್ರಿಯ ಓದುಗರೇ, ಇಷ್ಟನ್ನೆಲ್ಲ ನಾವು ವಿವರಿಸಿದ್ದು ಕಾರಣವಿಲ್ಲದೆ ಅಲ್ಲ. ಕಾರ್ಟಿಸೋನಿನ ವಂಶದ 'ಸ್ಟೀರಾಯ್ಡ್' ಗುಳಿಗೆಗಳು ಇಂದು ಸುಲಭವಾಗಿ ದೊರೆಯುತ್ತವೆ. ಒಮ್ಮೆ ಬರೆದುಕೊಟ್ಟ ಚೀಟಿಯನ್ನೇ ತೋರಿಸುತ್ತಾ ವರ್ಷಗಟ್ಟಲೆ ಅವನ್ನು ಕೊಂಡು ನುಂಗುವವರಿದ್ದಾರೆ. ಹೆಸರಿಲ್ಲದ ಪುಡಿಯಲ್ಲಿ ಅದನ್ನೇ ಬೆರೆಸಿ 'ನಾಟಿಮದ್ದು' ಎಂದು ಮಾರುವವರೂ ಇಲ್ಲದಿಲ್ಲ. ಎರಡೇ ದಿನದಲ್ಲಿ ನೋವು ಮಾಯವಾದಾಗ ಮನೆಯವರೆಲ್ಲ ಸಂತೋಷಪಡುತ್ತಾರೆ. 1948ರ ಆ ಸಂತೋಷವೇ ಇದು. ಆದರೆ ನೋವಿಲ್ಲವೆಂದು ನಂಬಿಕೊಂಡಿರುವಾಗಲೇ ಒಳಗೆ ಕೀಲು ಸವೆಯುತ್ತಿರಬಹುದು; ಅದರೊಡನೆ ಮೂಳೆಯೂ ಸೊರಗುತ್ತಿರುತ್ತದೆ. ವೈದ್ಯರು ಇಂದಿಗೂ ಸ್ಟೀರಾಯ್ಡನ್ನು ಕೊಡುವುದುಂಟು. ಮುಖ್ಯ ಮದ್ದು ಕೆಲಸ ಮಾಡತೊಡಗುವವರೆಗೆ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಮಾತ್ರ. ಬಹುಕಾಲದಿಂದ ಅದನ್ನು ಸೇವಿಸುತ್ತಿರುವವರು ಇದನ್ನೋದಿ ಥಟ್ಟನೆ ನಿಲ್ಲಿಸಬಾರದು. ದೇಹದ ಸ್ವಂತ ಗ್ರಂಥಿ ಅಷ್ಟರಲ್ಲಿ ಮಂಕಾಗಿರುವುದರಿಂದ ಜೀವಕ್ಕೇ ಅಪಾಯವಾದೀತು. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಮೆಥೊಟ್ರೆಕ್ಸೇಟ್ ಸೇವಿಸುವವರ ಮನೆಯವರು ಒಂದು ವಿಷಯವನ್ನು ಚೆನ್ನಾಗಿ ನೆನಪಿಡಬೇಕು. ಅದು ವಾರಕ್ಕೊಮ್ಮೆ ಮಾತ್ರ ಸೇವಿಸುವ ಮದ್ದು. ದಿನವೂ ನುಂಗಿದರೆ ಪ್ರಾಣಾಂತಿಕವಾಗಬಹುದು. ವಾರದ ಒಂದು ದಿನವನ್ನು ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಲೇಸು. ಗರ್ಭಿಣಿಯರಿಗೂ ಗರ್ಭ ಧರಿಸಲಿರುವವರಿಗೂ ಅದು ನಿಷಿದ್ಧ. ಮದ್ಯಪಾನ ಯಕೃತ್ತಿಗೆ ಹಾನಿ ಮಾಡುವುದರಿಂದ, ಹಬ್ಬದ ದಿನವಾದರೂ ಆ ಕುರಿತು ವೈದ್ಯರ ಮಾತನ್ನು ಮೀರಬಾರದು.

ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಕೀಲುಗಳು ಬಿಗಿದುಕೊಂಡಿರುವುದು, ಎರಡೂ ಕೈಗಳ ಸಣ್ಣ ಕೀಲುಗಳು ಊದುವುದು, ಆರು ವಾರ ಕಳೆದರೂ ಅದು ಇಳಿಯದಿರುವುದು ಈ ರೋಗದ ಮುನ್ಸೂಚನೆಗಳು. ಇವು ಕಂಡರೆ ಆರು ವಾರ ತುಂಬಲೆಂದು ಕಾಯದೆ ತಜ್ಞರನ್ನು ಕಾಣಬೇಕು. ಮೊದಲ ಕೆಲವು ತಿಂಗಳುಗಳಲ್ಲೇ ಚಿಕಿತ್ಸೆ ಆರಂಭವಾದರೆ ಕೈಬೆರಳುಗಳನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತಾಯಿಯು ನೋವನ್ನು ನುಂಗಿಕೊಂಡು ದುಡಿಯುತ್ತಿದ್ದರೆ ಅದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ಮಕ್ಕಳಿಗೆ ತಕ್ಕುದಲ್ಲ. ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅವರ ಕರ್ತವ್ಯ.

ಔಷಧ ಪ್ರಯೋಗಕ್ಕೆ ಸೇರುವಿರಾ ಎಂದು ಆಸ್ಪತ್ರೆಯವರು ಕೇಳಿದರೆ ತಮ್ಮನ್ನು ಬಲಿಪಶು ಮಾಡುತ್ತಾರೆಂದು ಹೆದರುವವರಿದ್ದಾರೆ. ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು. ನಮ್ಮ ದೇಶದಲ್ಲಿ 2009ರಿಂದ ಇಂತಹ ಪ್ರಯೋಗಗಳನ್ನು ಮುಂಚಿತವಾಗಿ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಸಮ್ಮತಿ ಪಡೆಯಬೇಕು. ಬೇಡವೆನಿಸಿದ ದಿನ ಹೊರಬರಲು ಆತ ಸ್ವತಂತ್ರನು. ಇಷ್ಟನ್ನು ಖಚಿತಪಡಿಸಿಕೊಂಡು ಒಪ್ಪುವವರು ತಮಗಾಗಿ ಮಾತ್ರವಲ್ಲ, ತಾವೆಂದೂ ಕಾಣದ ನೆರೆಯವರಿಗಾಗಿಯೂ ಉಪಕಾರ ಮಾಡುತ್ತಾರೆ. ಇಂದು ನಮ್ಮ ತಾಯಂದಿರು ನುಂಗುವ ಪ್ರತಿಯೊಂದು ಗುಳಿಗೆಯ ಹಿಂದೆಯೂ, ಎಲ್ಲೋ ಯಾವಾಗಲೋ ತಮ್ಮ ನೋವಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸಿದ ಹೆಸರು ತಿಳಿಯದ ರೋಗಿಗಳಿದ್ದಾರೆ. ನಮ್ಮ ಪ್ರಾರ್ಥನೆಗಳಲ್ಲಿ ಅವರಿಗೂ ಒಂದು ಸ್ಥಾನವಿರಲಿ.