ವಿಡಿಯೋ ಆಟಗಳಲ್ಲಿ ತ್ಯಕ್ತಭಾಗಗಳೂ ದೇಶಪಾಠಗಳೂ

ಒಂದು ಗ್ರಂಥಕ್ಕೆ ಪ್ರತಿಗಳು ಹಲವಿದ್ದು ಅವುಗಳ ಪಾಠಗಳು ಭಿನ್ನವಾಗಿ ಕಂಡುಬಂದಲ್ಲಿ, ಯಾವುದು ಕರ್ತೃವಿನದು, ಯಾವುದು ಲಿಪಿಕಾರನ ಪ್ರಮಾದ, ಯಾವುದು ಪ್ರಕ್ಷಿಪ್ತ ಎಂದು ನಿರ್ಣಯಿಸುವುದು ಪಂಡಿತರ ಹಳೆಯ ಕೆಲಸವಾಗಿರುವುದು. ಪುಣೆಯ ಭಾಂಡಾರ್ಕರ್ ಸಂಶೋಧನ ಮಂದಿರದವರು 1919ರಿಂದ 1966ರ ವರೆಗೆ ಮಹಾಭಾರತದ ಔತ್ತರ ದಾಕ್ಷಿಣಾತ್ಯ ಪಾಠಗಳನ್ನು ಹೋಲಿಸಿ ಪರಿಷ್ಕರಿಸಿದುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಂಕರರ ಭಾಷ್ಯಸಿದ್ಧಾಂತವನ್ನು ಅನಂತರದ ವ್ಯಾಖ್ಯಾನಕಾರರ ಮತದಿಂದ ಬೇರ್ಪಡಿಸಿ ತೋರಿಸಲು ಯತ್ನಿಸಿದುದೂ ಇದಕ್ಕೆ ಸಮೀಪವಾದ ವಿವೇಚನೆಯೇ ಆಗಿದೆ. ಈ ವಿವೇಚನೆಯು ಓಲೆಗರಿಗೂ ಕಾಗದಕ್ಕೂ ಮಾತ್ರ ಸಲ್ಲತಕ್ಕದ್ದಲ್ಲ. ಮಕ್ಕಳಾಟವೆಂದು ಉಪೇಕ್ಷಿತವಾಗಿರುವ ವಿಡಿಯೋ ಆಟಗಳಿಗೂ ಅದು ಅಷ್ಟೇ ಸಲ್ಲುವುದು.

ಕ್ರಿ. ಶ. 1990ರ ತರುವಾಯ ಕರ್ನಾಟಕದ ಇತರ ಪಟ್ಟಣಗಳಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಿಗೂ ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರಗಳು ಬಂದುವು. ಇವುಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೋ ಸಂಸ್ಥೆಯವರು 1983ರಲ್ಲಿ ಹೊರಡಿಸಿದ ಫ್ಯಾಮಿಕಾಮ್ ಯಂತ್ರದ ಅನುಕೃತಿಗಳು. ಅದೇ ಸಂಸ್ಥೆಯವರು 1985ರಲ್ಲಿ ಅಮೆರಿಕಕ್ಕೆ ಕೊಟ್ಟ ಯಂತ್ರದಲ್ಲಿ ಅನಧಿಕೃತ ಕ್ಯಾಸೆಟ್ಟುಗಳನ್ನು ತಡೆಯುವ ಬೀಗದ ಚಿಪ್ ಒಂದಿದ್ದಿತು. ಕ್ಯಾಸೆಟ್ಟಿನ ಲೋಹದ ಕಾಲುಗಳು 72. ಜಪಾನಿನ ಯಂತ್ರದಲ್ಲಿ ಬೀಗವಿರಲಿಲ್ಲ; ಕಾಲುಗಳು 60. ಬೀಗವಿಲ್ಲದ ಯಂತ್ರವನ್ನು ಅನುಕರಿಸುವುದು ಸುಲಭವಾದುದರಿಂದ ಅನುಕೃತಿಕಾರರು ಅದನ್ನೇ ಹಿಡಿದರು.

ಕ್ಯಾಸೆಟ್ಟಿನೊಳಗಿನ ಚಿಪ್ಪಿನಲ್ಲಿ ಆಟವು ಅಂಕಗಳ ರೂಪದಲ್ಲಿ ಬರೆಯಲ್ಪಟ್ಟಿರುವುದು. ಯಂತ್ರವು ಓದೆಂದು ಹೇಳಿದ ಸ್ಥಳವನ್ನು ಮಾತ್ರ ಓದುವುದು. ಓದದೆ ಬಿಟ್ಟ ಭಾಗವೂ ಚಿಪ್ಪಿನಲ್ಲಿ ಇದ್ದೇ ಇರುವುದು. ಇಂತಹ ಭಾಗ ಬೆಳಕಿಗೆ ಬಂದಾಗಲೆಲ್ಲ ಅದನ್ನು ಕರ್ತೃಗಳು ಅಡಗಿಸಿಟ್ಟ ರಹಸ್ಯವೆಂದು ಆಟಗಾರರು ಭಾವಿಸುವುದು ವಾಡಿಕೆ. ಆದರೆ ಗುಪ್ತ, ಪ್ರಮಾದಜ, ತ್ಯಕ್ತ ಎಂಬ ಮೂರನ್ನೂ ಬೇರೆಬೇರೆಯಾಗಿ ತಿಳಿಯತಕ್ಕದ್ದು.

ಗುಪ್ತವೆಂದರೆ ಕರ್ತೃವು ಬುದ್ಧಿಪೂರ್ವಕವಾಗಿ ಅಡಗಿಸಿದುದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಕ್ರಿ. ಶ. 1246ರಲ್ಲಿ ನಿರ್ಮಿತವಾದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳು ಅವರು ಕೆತ್ತಿದ ವಿಗ್ರಹಗಳ ಬಳಿಯಲ್ಲಿ ಪ್ರಕಟವಾಗಿಯೇ ಇರುವುವು. ಅಮೆರಿಕದ ಅಟಾರಿ ಸಂಸ್ಥೆಯಲ್ಲಿ ಆಟಗಳನ್ನು ರಚಿಸುತ್ತಿದ್ದವರಿಗೆ ಈ ಭಾಗ್ಯವಿರಲಿಲ್ಲ. ರಚಿಸಿದವನ ಹೆಸರನ್ನು ಸಂಸ್ಥೆಯವರು ಪ್ರಕಟಿಸುತ್ತಿರಲಿಲ್ಲ. ಆದುದರಿಂದ ವಾರನ್ ರಾಬಿನೆಟ್ ಎಂಬಾತನು 1980ರಲ್ಲಿ ಹೊರಬಂದ ‘ಅಡ್ವೆಂಚರ್’ ಎಂಬ ಆಟದಲ್ಲಿ ಒಂದು ಗೂಢವಾದ ಕೋಣೆಯನ್ನು ರಚಿಸಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟನು. ಕಣ್ಣಿಗೆ ಬೀಳದಷ್ಟು ಸಣ್ಣದಾದ ಬೂದುಬಣ್ಣದ ಚುಕ್ಕೆಯೊಂದನ್ನು ಹುಡುಕಿ ಒಯ್ದವನಿಗೆ ಮಾತ್ರ ಆ ಕೋಣೆಯ ದಾರಿ ತೆರೆಯುವುದು.

ಎರಡನೆಯದು ಪ್ರಮಾದಜ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟವು ಒಟ್ಟು 40 ಕಿಲೋಬೈಟುಗಳಷ್ಟು ಚಿಕ್ಕದು. ಅದರ ಮೊದಲನೆಯ ಲೋಕದ ಎರಡನೆಯ ಘಟ್ಟದ ಕೊನೆಯಲ್ಲಿ ಮುಂದಿನ ಲೋಕಗಳಿಗೆ ಹಾರುವ ಮೂರು ಕೊಳವೆಗಳಿರುವುವು. ಗೋಡೆಯೊಳಗೆ ಉಪಾಯದಿಂದ ನುಸುಳಿ, ಕೊಳವೆಗಳ ಮೇಲೆ ಅಂಕಗಳು ಮೂಡುವ ಮೊದಲೇ ಅಂಚಿನ ಕೊಳವೆಯನ್ನು ಹೊಕ್ಕವನು, ಅಂಕಸ್ಥಾನವು ಬರಿದಾಗಿ ‘-1’ ಎಂದು ತೋರುವ ನೀರೊಳಗಿನ ಲೋಕವೊಂದನ್ನು ಸೇರುವನು. ಅದರ ಕೊನೆಯ ಕೊಳವೆಯು ಪುನಃ ಮೊದಲಿಗೇ ತಂದು ಬಿಡುವುದು, ಬಿಡುಗಡೆಯಿಲ್ಲ. ಇದನ್ನು ಕರ್ತೃಗಳ ಗೂಢಲೋಕವೆಂದು ಬಹುಜನ ನಂಬಿದರು. ಯಥಾರ್ಥವು ಬೇರೆ. ನಾಲ್ಕನೆಯ ಲೋಕದಲ್ಲಿ ಐದನೆಯದಕ್ಕೆ ಹಾರುವ ಕೊಳವೆ ಒಂದೇ ಇರುವುದರಿಂದ, ಅದರ ಅಂಕಪಟ್ಟಿಯಲ್ಲಿ 5ರ ಎರಡು ಪಕ್ಕದ ಸ್ಥಾನಗಳನ್ನೂ ಬರಿಯ ಚಿತ್ರದಿಂದ ತುಂಬಿರುವರು. ಆ ಬರಿಯ ಚಿತ್ರದ ಕ್ರಮಾಂಕ 36. ಸರಿಯಾದ ಪಟ್ಟಿ ಬರುವ ಮೊದಲು ಕೊಳವೆಯನ್ನು ಹೊಕ್ಕರೆ ಯಂತ್ರವು ಈ ಪಟ್ಟಿಯನ್ನೇ ಓದಿ, 36ನೆಯ ಲೋಕಕ್ಕೆ ಹೋಗೆಂದು ತಿಳಿಯುವುದು. ಆಟದಲ್ಲಿ ಲೋಕಗಳು ಎಂಟೇ ಆದುದರಿಂದ, ಪಟ್ಟಿಯ ಆಚೆಗಿರುವ ಯಾವುದೋ ಅಂಕವನ್ನು ಲೋಕವೆಂದು ಭ್ರಮಿಸುವುದು. ಇದಕ್ಕೆ ಸಾಕ್ಷಿಯು ಪಾಠಾಂತರದಿಂದಲೇ ದೊರೆಯುವುದು: ಜಪಾನಿನಲ್ಲಿ 1986ರಲ್ಲಿ ಹೊರಟ ಇದೇ ಆಟದ ಡಿಸ್ಕ್ ಪಾಠದಲ್ಲಿ ಅಂಕಗಳ ವಿನ್ಯಾಸ ಬೇರೆಯಾದುದರಿಂದ, ಅದೇ ಉಪಾಯದಿಂದ ಹೊಕ್ಕರೆ ಮೂರು ಘಟ್ಟಗಳು ದೊರೆತು, ಮೂರನೆಯದರ ಕೊನೆಗೆ ಆಟವೇ ಮುಗಿಯುವುದು. ಕರ್ತೃವಿನ ಸಂಕಲ್ಪವಾಗಿದ್ದರೆ ಎರಡೂ ಪಾಠಗಳಲ್ಲಿ ಇಷ್ಟು ಭೇದ ಬರಲು ಕಾರಣವಿರಲಿಲ್ಲ.

ಮೂರನೆಯದು ತ್ಯಕ್ತ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಕೆತ್ತನೆ ಮುಗಿಯದ ಕಲ್ಲುಗಳು ಗೋಡೆಯಲ್ಲಿ ಹಾಗೆಯೇ ಉಳಿದಿರುವುವು; ಅವನ್ನು ತೆಗೆದರೆ ಗೋಡೆಗೇ ಕೇಡು. ಅಂತೆಯೇ ಆಟಗಳಲ್ಲಿ ಬೇಡವೆಂದು ಬಿಟ್ಟ ಭಾಗವನ್ನು ಪೂರ್ತಿಯಾಗಿ ಅಳಿಸಹೋದರೆ ಇತರ ಭಾಗಗಳು ಕೆಡುವುವೆಂಬ ಭಯದಿಂದ, ಅದರ ದಾರಿಯನ್ನು ಮಾತ್ರ ಮುಚ್ಚುವುದುಂಟು. 2004ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಹೊರಟ ‘ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್’ ಆಟದಲ್ಲಿ ಹೀಗೆ ಮುಚ್ಚಿಟ್ಟ ಅಶ್ಲೀಲಭಾಗವೊಂದಿದ್ದಿತು. 2005ರಲ್ಲಿ ಕಂಪ್ಯೂಟರಿನ ಪಾಠದಲ್ಲಿ ಅದು ತೆರೆಯಲ್ಪಟ್ಟಾಗ, ಪ್ರಕಾಶಕರಾದ ರಾಕ್‌ಸ್ಟಾರ್ ಸಂಸ್ಥೆಯವರು ಮೊದಲು ಅದು ಹೊರಗಿನವರ ಕೃತ್ಯವೆಂದರು. ಪಂಡಿತರ ಮಾತಿನಲ್ಲಿ ಹೇಳುವುದಾದರೆ, ಪ್ರಕ್ಷೇಪವೆಂದರು. ಆದರೆ ಪ್ಲೇಸ್ಟೇಷನ್ನಿನ ಡಿಸ್ಕ್ ಒಮ್ಮೆ ಅಚ್ಚಾದ ಮೇಲೆ ಯಾರಿಂದಲೂ ಒಂದಕ್ಷರವನ್ನೂ ಸೇರಿಸಲಾಗದಂತಹುದು. ಆ ಡಿಸ್ಕಿನಲ್ಲಿಯೂ ಆ ಭಾಗವು ಕಂಡುಬಂದುದರಿಂದ ಪ್ರಕ್ಷೇಪವಾದವು ನಿಲ್ಲಲಿಲ್ಲ. ಅದೇ ವರ್ಷ ಜುಲೈ ತಿಂಗಳಲ್ಲಿ ಅಮೆರಿಕದ ಆಟಪರೀಕ್ಷಕ ಮಂಡಲಿಯವರು ಆ ಆಟವನ್ನು ಪ್ರೌಢವಯಸ್ಕರಿಗೆ ಮಾತ್ರವೆಂಬ ವರ್ಗಕ್ಕೆ ತಳ್ಳಿದರು. ಪಾಠನಿರ್ಣಯವು ಬರಿಯ ಪಾಂಡಿತ್ಯವಿನೋದವಲ್ಲವೆಂದೂ, ಹೊಣೆ ಯಾರದೆಂಬುದನ್ನು ಅದರಿಂದಲೇ ನಿಶ್ಚಯಿಸಬೇಕಾಗುವುದೆಂದೂ ಇಲ್ಲಿ ಸ್ಪಷ್ಟವಾಗುವುದು.

ಇನ್ನು ದೇಶಪಾಠಗಳು. ಕನ್ನಡನಾಡಿನ ಮಕ್ಕಳಿಗೆ ಸುಪರಿಚಿತವಾದ ‘ಕಾಂಟ್ರಾ’ ಆಟವನ್ನೇ ನೋಡಬಹುದು. 1988ರ ಜಪಾನಿನ ಪಾಠದಲ್ಲಿ ಕೊನಾಮಿ ಸಂಸ್ಥೆಯವರು ತಮ್ಮ ಸ್ವಂತದ ವಿಶೇಷ ಚಿಪ್ಪನ್ನು ಬಳಸಿದುದರಿಂದ, ಕಾಡಿನ ಎಲೆಗಳು ಅಲುಗುವುವು, ಹಿಮ ಸುರಿಯುವುದು, ಘಟ್ಟಘಟ್ಟಕ್ಕೂ ನಕ್ಷೆ ತೋರುವುದು. ಅಮೆರಿಕದಲ್ಲಿ ನಿಂಟೆಂಡೋದವರು ಅಂತಹ ಚಿಪ್ಪಿಗೆ ಅವಕಾಶ ಕೊಡದಿದ್ದುದರಿಂದ ಅಲ್ಲಿಯ ಪಾಠದಲ್ಲಿ ಇವು ಲುಪ್ತವಾದುವು. ಯೂರೋಪಿನಲ್ಲಿ 1990ರಲ್ಲಿ ಇದೇ ಆಟವು ‘ಪ್ರೋಬೊಟೆಕ್ಟರ್’ ಎಂಬ ಹೆಸರಿನಿಂದ ಬಂದಾಗ ಮನುಷ್ಯ ಯೋಧರ ಸ್ಥಾನದಲ್ಲಿ ಯಂತ್ರಪುರುಷರಿದ್ದರು. ಯುವಜನರ ರಕ್ಷಣೆಗಾಗಿ ಜರ್ಮನಿಯಲ್ಲಿದ್ದ ಕಟ್ಟುಪಾಡುಗಳೇ ಇದಕ್ಕೆ ಕಾರಣವೆಂದು ಹೇಳುವರು.

ಈ ಮೂರಲ್ಲದೆ ನಾಲ್ಕನೆಯ ಪಾಠವೊಂದುಂಟು; ಈ ಪ್ರಾಂತಕ್ಕೆ ಮುಖ್ಯವಾದುದು ಅದೇ. ಇಲ್ಲಿಗೆ ಬಂದ ಅನಧಿಕೃತ ಕ್ಯಾಸೆಟ್ಟುಗಳನ್ನು ಮಾಡಿದವರು ಮೂಲವನ್ನು ಇದ್ದಂತೆಯೇ ನಕಲುಮಾಡಲಿಲ್ಲ. ಸಂಸ್ಥೆಯ ಹೆಸರನ್ನು ಅಳಿಸಿದರು. ಮೂರು ಪ್ರಾಣಗಳಿದ್ದಲ್ಲಿ ಮೂವತ್ತು ಕೊಟ್ಟರು. ಒಂದೇ ಆಟವನ್ನು ಬೇರೆಬೇರೆ ಘಟ್ಟದಿಂದ ಆರಂಭಿಸಿ ಬೇರೆಬೇರೆ ಹೆಸರಿಟ್ಟು, ಒಂದೇ ಕ್ಯಾಸೆಟ್ಟಿನಲ್ಲಿ 9999 ಆಟಗಳಿರುವುವೆಂದು ಬರೆದರು. ಧರ್ಮದೃಷ್ಟಿಯಿಂದ ಇದು ಚೌರ್ಯವೇ ಸರಿ. ಆದರೆ ಇತಿಹಾಸದೃಷ್ಟಿಯಿಂದ, ಒಂದು ತಲೆಮಾರಿನ ಮಕ್ಕಳು ಆಡಿದುದು ಈ ಪಾಠವನ್ನೇ ಹೊರತು ಜಪಾನಿನ ಮೂಲವನ್ನಲ್ಲ. ಮೂಲವು ಎಲ್ಲಿಯಾದರೂ ಉಳಿದೀತು. ಪ್ರತಿಕಾರನು ಹೆಸರಿಲ್ಲದವನಾದುದರಿಂದ ಈ ಪಾಠಕ್ಕೆ ಉಳಿದ ಕ್ಯಾಸೆಟ್ಟಲ್ಲದೆ ಬೇರೆ ಸಾಕ್ಷಿಯಿಲ್ಲ.

ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರಾಗಿ ಸಂಖ್ಯೆಯೊಡನೆ ನಿಂತಿರುವುವು. ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲುಗಳನ್ನೂ ಆ ಕಾಲದ ಪಂಡಿತರು ಬಿಡಲಿಲ್ಲ. ಕಲ್ಲು ಶತಮಾನಗಳನ್ನು ಸಹಿಸುವುದು. ಕಪ್ಪು ಅಂಟಿನ ಕೆಳಗೆ ಕೂಡಿಸಿದ ಅಗ್ಗದ ಚಿಪ್ಪಿಗೆ ಆ ಸಹನೆಯಿಲ್ಲ. ಅದು ಕೆಟ್ಟರೆ ತೆಗೆದು ಸರಿಪಡಿಸುವುದೂ ಅಸಾಧ್ಯ. ಆದರೆ ಚಿಪ್ ಬದುಕಿರುವಾಗ ಅದರ ಕಾಲುಗಳ ಮೂಲಕ ಅಂಕಗಳನ್ನು ಪೂರ್ತಿಯಾಗಿ ಓದಿ ಪ್ರತಿಮಾಡಿಕೊಂಡು, ಇತರ ಪ್ರತಿಗಳೊಡನೆ ಅಂಕಕ್ಕೆ ಅಂಕ ಹೋಲಿಸುವುದು ಇಂದು ಸುಕರವಾಗಿದೆ. ಅಟ್ಟದ ಪೆಟ್ಟಿಗೆಯಲ್ಲಿರುವ ಹಳೆಯ ಕ್ಯಾಸೆಟ್ಟನ್ನು ಕಸಕ್ಕೆ ಹಾಕುವ ಮುನ್ನ ಈ ಒಂದು ಕೆಲಸ ನಡೆಯುವುದಾದರೆ, ಯಾವ ಪಾಠವು ಯಾರ ಕೈಯಿಂದ ಹೇಗೆ ತಿದ್ದಲ್ಪಟ್ಟು ಈ ಊರುಗಳಿಗೆ ಬಂದಿತೆಂಬುದನ್ನು ಮುಂದಿನವರು ವಿಚಾರಿಸಲು ಆಧಾರವುಳಿಯುವುದು. ಪ್ರತಿಯು ನಷ್ಟವಾದ ಮೇಲೆ ಪಾಠವಿಮರ್ಶೆಗೆ ಎಡೆಯಿಲ್ಲ.