ಅಜ್ಜಿಯ ಕೈಪಟ್ಟಿಯ ಕಪ್ಪು ಗೆರೆಗಳು

ಆಸ್ಪತ್ರೆಗೆ ಸೇರಿದವರ ಮಣಿಕಟ್ಟಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಅದರಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಇರುತ್ತವೆ. ಕೆಲವು ಆಸ್ಪತ್ರೆಗಳಲ್ಲಿ ಇವುಗಳ ಜೊತೆಗೆ ಬಿಸ್ಕತ್ತು ಪೊಟ್ಟಣದ ಮೇಲಿರುವಂಥ ಕಪ್ಪು ಗೆರೆಗಳೂ ಇರುತ್ತವೆ. ಅದೇ ಬಾರ್‌ಕೋಡ್. ಬಿಸ್ಕತ್ತಿಗಾದರೆ ಅಂಗಡಿಯವರು ಬೆಲೆ ಹಾಕಬೇಕು, ಸರಿ. ಅಜ್ಜಿಯ ಕೈಗೆ ಏಕೆ?

ಅಜ್ಜಿಗೆ ಬೇರೊಬ್ಬರ ಔಷಧಿ ಬೀಳದಿರಲಿ ಎಂದು.

ನರ್ಸ್ ಕೆಲಸ ಕಲಿಯುವವರಿಗೆ ಐದು 'ಸರಿ'ಗಳನ್ನು ಹೇಳಿಕೊಡುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಮಾರ್ಗ ಎಂದರೆ ನುಂಗುವ ಮಾತ್ರೆಯೋ, ಚುಚ್ಚುವ ಇಂಜೆಕ್ಷನ್ನೋ ಎಂಬುದು. ಕೇಳಲು ಸುಲಭ. ಆದರೆ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರಬಹುದು. ಹೈಡ್ರಾಲಜೈನ್ ಎಂಬುದು ರಕ್ತದೊತ್ತಡ ಇಳಿಸುವ ಔಷಧಿ, ಹೈಡ್ರಾಕ್ಸಿಜೈನ್ ತುರಿಕೆಗೆ ಕೊಡುವುದು. ಅವಸರದಲ್ಲಿ ಓದಿದರೆ ಎರಡೂ ಒಂದೇ ಕಾಣುತ್ತವೆ. 1.0 ಎಂದು ಬರೆದ ಕಡೆ ಚುಕ್ಕೆ ಮಾಸಿದರೆ ಅದು 10 ಆಗುತ್ತದೆ! ರಾತ್ರಿ ಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡುವ ನರ್ಸಮ್ಮನ ಕಣ್ಣಿಗೂ ದಣಿವಿದೆ.

ಬ್ಯಾಂಕಿನಲ್ಲಿ ಲೆಡ್ಜರ್ ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ನಮ್ಮಂಥ ಗುಮಾಸ್ತರು ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಿದ್ದರು. ಎಷ್ಟೇ ಅನುಭವಿಯಾದರೂ ಅವನ ಬರಹಕ್ಕೆ ಎರಡನೆಯ ಕಣ್ಣು ಬೇಕು ಎಂಬುದು ನಿಯಮ. ಔಷಧಿಯ ವಿಷಯದಲ್ಲಿ ಆ ಎರಡನೆಯ ಕಣ್ಣಿನ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ.

ಅದು ನಡೆಯುವುದು ಹೀಗೆ. ವೈದ್ಯರು ಬರೆದ ಔಷಧಿಗಳ ಪಟ್ಟಿ ಕಂಪ್ಯೂಟರಿನಲ್ಲಿ ಇರುತ್ತದೆ. ನರ್ಸ್ ಹಾಸಿಗೆಯ ಬಳಿ ಬಂದು ಮೊದಲು ರೋಗಿಯ ಕೈಪಟ್ಟಿಗೆ ಸ್ಕ್ಯಾನರ್ ಹಿಡಿಯುತ್ತಾರೆ, ಆಮೇಲೆ ಔಷಧಿಯ ಪೊಟ್ಟಣಕ್ಕೆ. ಇವರಿಗೆ, ಈ ಹೊತ್ತಿಗೆ, ಈ ಔಷಧಿ, ಇಷ್ಟು ಪ್ರಮಾಣದಲ್ಲಿ ಕೊಡಬೇಕೆಂದು ವೈದ್ಯರು ಬರೆದಿದ್ದಾರೆಯೇ ಎಂದು ಕಂಪ್ಯೂಟರು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಪರದೆಯ ಮೇಲೆ ಎಚ್ಚರಿಕೆ ಕೊಡುತ್ತದೆ. ಔಷಧಿ ಕೊಟ್ಟ ಮೇಲೆ ಸಮಯವನ್ನೂ ದಾಖಲು ಮಾಡುತ್ತದೆ. ಮುಂದಿನ ಪಾಳಿಯವರು 'ಕೊಟ್ಟಿದ್ದಾರೋ ಇಲ್ಲವೋ' ಎಂದು ಯೋಚಿಸುತ್ತ ನಿಲ್ಲಬೇಕಿಲ್ಲ.

ಈ ಉಪಾಯ ಹೊಳೆದದ್ದು ಒಬ್ಬ ನರ್ಸ್‌ಗೆ. ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕಾ ಊರಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದಿದೆ. ಅಲ್ಲಿ ಸ್ಯೂ ಕಿನ್ನಿಕ್ ಎಂಬ ನರ್ಸ್ ಇದ್ದರು. 1992ರಲ್ಲಿ ಅವರು ಬಾಡಿಗೆ ಕಾರನ್ನು ಹಿಂದಿರುಗಿಸುವಾಗ, ಅಲ್ಲಿನ ಕೆಲಸದವರು ಕೈಯಲ್ಲಿ ಹಿಡಿದ ಪುಟ್ಟ ಯಂತ್ರದಿಂದ ಕಾರಿನ ಗುರುತನ್ನು ಓದಿ ಕ್ಷಣದಲ್ಲಿ ಲೆಕ್ಕ ಮುಗಿಸಿದ್ದನ್ನು ಕಂಡರು. ಕಾರಿಗೆ ಇಷ್ಟು ಜಾಗ್ರತೆ ಇದ್ದರೆ ರೋಗಿಗೆ ಏಕೆ ಬೇಡ ಎಂಬ ಯೋಚನೆ ಬಂತು. ಅವರ ಆಸ್ಪತ್ರೆಯಲ್ಲೇ ಮೊದಲ ಪ್ರಯೋಗ ನಡೆಯಿತು. ಮುಂದೆ ಅದು ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೆಲ್ಲ ಹರಡಿತು.

ಯಂತ್ರವೇ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ? ಮಕ್ಕಳೇ, ಇದಕ್ಕೆ ಒಂದು ಸೊಗಸಾದ ಲೆಕ್ಕವಿದೆ. ಅಂಗಡಿ ಸಾಮಾನಿನ ಮೇಲೆ ಗೆರೆಗಳ ಕೆಳಗೆ 13 ಅಂಕಿಗಳಿರುತ್ತವಲ್ಲ, ಉದಾಹರಣೆಗೆ 8901234567890 ಎಂದುಕೊಳ್ಳಿ. ಎಡದಿಂದ ಮೊದಲನೆಯದನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1ರಿಂದ, 3ರಿಂದ ಹೀಗೆ ಗುಣಿಸುತ್ತ ಕೂಡಿಸಿ. ಮೊತ್ತ 130 ಬರುತ್ತದೆ. 10ರಿಂದ ಭಾಗಿಸಿದರೆ ಶೇಷವಿಲ್ಲ, ನಂಬರು ಸರಿ. 5ನ್ನು 6 ಎಂದು ಓದಿದರೆ ಮೊತ್ತ 133 ಆಗಿ ತಪ್ಪು ಸಿಕ್ಕಿಬೀಳುತ್ತದೆ. ಮನೆಯಲ್ಲಿರುವ ಸೋಪಿನ ಪೊಟ್ಟಣ ತಂದು ಮಾಡಿ ನೋಡಿ.

ಇಷ್ಟೆಲ್ಲ ಮಾಡಿದ್ದರಿಂದ ಫಲ ಸಿಕ್ಕಿತೇ? ಬಾಸ್ಟನ್ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ 14,000ಕ್ಕೂ ಹೆಚ್ಚು ಸಂದರ್ಭಗಳನ್ನು ಪಕ್ಕದಲ್ಲೇ ನಿಂತು ಗಮನಿಸಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊತ್ತು ಹೆಚ್ಚುಕಡಿಮೆಯಾದದ್ದನ್ನು ಬಿಟ್ಟರೆ, ಉಳಿದ ತಪ್ಪುಗಳು ನೂರಕ್ಕೆ 11.5ರಿಂದ 6.8ಕ್ಕೆ ಇಳಿದಿದ್ದವು. ದೊಡ್ಡ ಲಾಭವೇ. ಆದರೂ 6.8 ಉಳಿಯಿತು, ನೋಡಿ.

ಯಂತ್ರವಿದ್ದೂ ತಪ್ಪು ಹೇಗೆ ನುಸುಳುತ್ತದೆ ಎಂದು ಅಮೆರಿಕದ ಐದು ಆಸ್ಪತ್ರೆಗಳಲ್ಲಿ ಹುಡುಕಿ 2008ರಲ್ಲಿ ವರದಿ ಮಾಡಿದರು. ಕೈಪಟ್ಟಿ ನೆನೆದುಹೋಗಿರುತ್ತದೆ, ಕೆಲವು ರೋಗಿಗಳು ಅದನ್ನು ಅಗಿದೇ ಬಿಟ್ಟಿರುತ್ತಾರೆ! ಔಷಧಿಯ ಪೊಟ್ಟಣ ಮುದುಡಿರುತ್ತದೆ, ಸ್ಕ್ಯಾನರಿನ ಬ್ಯಾಟರಿ ಮುಗಿದಿರುತ್ತದೆ. ಆಗ ಕೆಲಸ ಸಾಗಲೆಂದು ಕೈಪಟ್ಟಿಯ ಇನ್ನೊಂದು ಪ್ರತಿಯನ್ನು ಬೇರೆಲ್ಲೋ ಅಂಟಿಸಿಕೊಂಡು ಅದನ್ನೇ ಸ್ಕ್ಯಾನ್ ಮಾಡುತ್ತಿದ್ದರು. ಕಂಪ್ಯೂಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಹಾಸಿಗೆಯಲ್ಲಿ ಮಲಗಿರುವವರು ಯಾರೆಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ರೋಗಿಯ ಕೈಯಲ್ಲಿರುವ ಪಟ್ಟಿಯನ್ನೇ ಓದಿದರೆ ಮಾತ್ರ ಈ ಏರ್ಪಾಡಿಗೆ ಅರ್ಥ.

ನಮ್ಮ ದೇಶದಲ್ಲೂ 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ತಯಾರಕರು ಯಾರು, ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಆ ಮಾತ್ರೆ ಯಾರಿಗೆ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಅದನ್ನು ತಿಳಿಯಲು ಕೈಪಟ್ಟಿಯೇ ಬೇಕು. ಸ್ಕ್ಯಾನರ್ ಇಲ್ಲದ ಆಸ್ಪತ್ರೆಯಲ್ಲಿ ಹೆಸರು ಕೇಳಿ, ಪಟ್ಟಿ ಓದಿ, ಚೀಟಿ ನೋಡಿ ತಾಳೆ ಹಾಕಬೇಕು.

ಹಿರಿಯರೇ, ಕೈಪಟ್ಟಿ ತುರಿಸುತ್ತದೆಂದು ಕಿತ್ತು ದಿಂಬಿನಡಿ ಇಡಬೇಡಿ, ಸಡಿಲ ಮಾಡಿಕೊಡಿ ಎಂದು ಕೇಳಿ. ದಿನಕ್ಕೆ ಹತ್ತು ಸಲ ಹೆಸರು ಕೇಳಿದರೂ ಬೇಸರಿಸದೆ ಪೂರ್ತಿ ಹೆಸರು ಹೇಳಿ. ಯಾವ ಔಷಧಿ ನಿಮಗೆ ಒಗ್ಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿ. ಮನೆಯಲ್ಲಿ ನುಂಗುವ ಮಾತ್ರೆಗಳ ಚೀಟಿ ಬರೆದು ವೈದ್ಯರಿಗೆ ಕೊಡಿ, ಚೀಲದಿಂದ ತೆಗೆದು ನೀವಾಗಿಯೇ ನುಂಗಬೇಡಿ.

ಮಕ್ಕಳೇ, ಅಜ್ಜಿಯ ಪಕ್ಕ ಕೂತಿರುವಾಗ ನಿಮಗೂ ಒಂದು ಕೆಲಸವಿದೆ. ಮಾತ್ರೆ ಬಂದಾಗ "ಸಿಸ್ಟರ್, ಇದು ಯಾವುದಕ್ಕೆ?" ಎಂದು ವಿನಯದಿಂದ ಕೇಳಿ. ನಿನ್ನೆ ಬಿಳಿ ಮಾತ್ರೆ ಇದ್ದು ಇವತ್ತು ಕೆಂಪು ಬಂದಿದ್ದರೆ ಅದನ್ನೂ ಹೇಳಿ. ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು, ಹಾಗಾಗಿ ಗಾಬರಿ ಬೇಡ. ಕೇಳಿದರೆ ಒಳ್ಳೆಯ ನರ್ಸ್ ಬೇಸರ ಮಾಡಿಕೊಳ್ಳುವುದಿಲ್ಲ, ಇನ್ನೊಮ್ಮೆ ನೋಡಿಯೇ ಕೊಡುತ್ತಾರೆ.